ಒಂದೇ ಟ್ಯಾಂಕ್ ಪೆಟ್ರೋಲು ಮತ್ತು ಸೋದರಮಾವನ ಮರ್ಯಾದೆ

ಎಂಜಿನ್ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಮೊನ್ನೆ ಮೊನ್ನೆಯವರೆಗೆ ಪುಂಜಾಲಕಟ್ಟೆಯ ಹೋಟೆಲಿನಲ್ಲಿ ಚಹಾ ಆರುವ ತನಕ ನಾನು ಹೇಳುತ್ತಿದ್ದ ಮಾತು ಇದು. ಆರನೆಯ ಕ್ಲಾಸಿನಲ್ಲಿ ಶಾಲೆಗೆ ಕೈಮುಗಿದು ಜೀಪಿನ ಕ್ಲೀನರ್ ಆದವನು ನಾನು. ಆಮೇಲೆ ಡ್ರೈವರ್ ಆಗಿ ಚಾರ್ಮಾಡಿ ಘಾಟಿಯನ್ನು ಎಷ್ಟು ಸಲ ಹತ್ತಿ ಇಳಿದಿದ್ದೇನೋ ಲೆಕ್ಕವಿಲ್ಲ. ಈಗ ಸ್ವಂತ ವ್ಯಾಪಾರ: ಮನೆ ಕಟ್ಟುವವರಿಗೆ ಸೆಂಟ್ರಿಂಗ್ ಶೀಟು, ಕಾಂಕ್ರೀಟ್ ಮಿಕ್ಸರ್ ಬಾಡಿಗೆಗೆ ಕೊಡುವುದು. ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ ಎಷ್ಟೋ ಮನೆಗಳ ಟಾರಸಿ ನನ್ನ ಶೀಟಿನ ಬೆನ್ನ ಮೇಲೆಯೇ ಹುಟ್ಟಿದ್ದು. ಗಾಡಿ ಇನ್ನೂ ಎರಡು ತಿರುವು ಆಚೆ ಇರುವಾಗಲೇ ಸದ್ದು ಕೇಳಿ ಅದು ಯಾರದ್ದು, ಲೋಡು ಎಷ್ಟು, ಕಾಯಿಲೆ ಎಂತದ್ದು ಎಂದು ಹೇಳಬಲ್ಲ ಕಿವಿ ನನ್ನದು.

ಇಂಥ ಕಿವಿಯವನು ಹೋಗಿ ಹೋಗಿ ಸದ್ದೇ ಇಲ್ಲದ ಕಾರು ತೆಗೆದುಕೊಂಡೆ!

ಹೈಬ್ರಿಡ್. ಪೆಟ್ರೋಲೂ ಉಂಟು, ಬ್ಯಾಟರಿಯೂ ಉಂಟು. ಆದರೆ ಪ್ಲಗ್ಗಿಗೆ ಚುಚ್ಚುವ ಕೆಲಸವಿಲ್ಲ. ಓಡುತ್ತಾ ಓಡುತ್ತಾ ತನಗೆ ಬೇಕಾದ ಕರೆಂಟನ್ನು ತಾನೇ ಮಾಡಿಕೊಳ್ಳುತ್ತದೆ. ಮೊದಲ ದಿನ ಭಟ್ರು ಪೂಜೆ ಮಾಡಿ, ಚಕ್ರದ ಅಡಿಗೆ ನಿಂಬೆಹಣ್ಣು ಇಟ್ಟು, "ಹಾಂ, ಇನ್ನು ಸ್ಟಾರ್ಟ್ ಮಾಡಿ ವಾಸಣ್ಣ" ಎಂದರು. ನಾನು ಗುಂಡಿ ಒತ್ತಿದೆ. ಸದ್ದಿಲ್ಲ. ಪುನಃ ಒತ್ತಿದೆ. ಸದ್ದಿಲ್ಲ. ಮೂರನೆಯ ಸಲ ಒತ್ತಿ, ಸುಮ್ಮನೆ ಗೇರ್ ಹಾಕಿ ನೋಡಿದೆ. ಕಾರು ಬೆಕ್ಕಿನ ಹಾಗೆ ಮುಂದೆ ಬಂತು. ನಿಂಬೆಹಣ್ಣು ಪಚಕ್ಕೆಂದಿತು. ಭಟ್ರು ಆರತಿ ತಟ್ಟೆ ಸಮೇತ ತುಳಸಿಕಟ್ಟೆಯ ಆಚೆಗೆ ಹಾರಿದರು!

ಆ ದಿನವೇ ನಾನು ಅದಕ್ಕೆ ಮಾರುಹೋದೆ. ಎಂಥಾ ಸೃಷ್ಟಿ ಅದು! ಬ್ರೇಕ್ ಒತ್ತಿದರೆ ಚಕ್ರದಿಂದ ಬ್ಯಾಟರಿಗೆ ಬಾಣದ ಗುರುತು ಓಡುವುದನ್ನು ಪರದೆಯ ಮೇಲೆ ತೋರಿಸುತ್ತದೆ. ನಾನು ಜೀವಮಾನವಿಡೀ ಬ್ರೇಕ್ ಒತ್ತಿ ಲೈನರ್ ಸವೆಸಿದ್ದು ಮಾತ್ರ. ಇದು ಬ್ರೇಕ್ ಒತ್ತಿದರೂ ಸಂಪಾದನೆ ಮಾಡುತ್ತದೆ! ದಿನ ಬಿಟ್ಟು ದಿನ ನನ್ನನ್ನು ನೋಡುತ್ತಿದ್ದ ಬಂಕಿನವನು ಒಂದು ದಿನ ರಸ್ತೆಯಲ್ಲಿ ಸಿಕ್ಕಿ, "ಎಂತ ವಾಸಣ್ಣ, ಹುಷಾರಿರ್ಲಿಲ್ವಾ?" ಎಂದು ಕೇಳಿದ.

ತೊಂದರೆಗಳೂ ಇದ್ದವು, ಸುಳ್ಳು ಹೇಳಬಾರದು. ಕೊಟ್ಟ ಹಣಕ್ಕೆ ಎರಡು ಪಿಕಪ್ ಬರುತ್ತಿತ್ತು. ಬ್ಯಾಟರಿ ಹಿಂದೆ ಕೂತಿರುವುದರಿಂದ ಡಿಕ್ಕಿಯಲ್ಲಿ ಜಾಗ ಕಡಿಮೆ; ಒಂದು ಗೋಣಿ ತೆಂಗಿನಕಾಯಿ ಹಾಕಿದರೆ ಬಾಗಿಲು ಮುಚ್ಚುವುದಿಲ್ಲ. ಊರಿನ ಗ್ಯಾರೇಜಿನವನು ಬಾನೆಟ್ ಎತ್ತಿ ಕಿತ್ತಳೆ ಬಣ್ಣದ ದಪ್ಪ ವಯರನ್ನು ನೋಡಿ, ಹಾವು ಕಂಡವನ ಹಾಗೆ ಕೈ ಹಿಂದೆ ತೆಗೆದ. ರಸ್ತೆಯಲ್ಲಿ ಮಲಗಿದ ದನಗಳಿಗಂತೂ ನನ್ನ ಕಾರು ಬಂದದ್ದೇ ಗೊತ್ತಾಗುವುದಿಲ್ಲ. ಹಾರ್ನ್ ಹೊಡೆದರೆ, 'ಇವ ಎಲ್ಲಿಂದ ಬಂದ?' ಎಂದು ತಿರುಗಿ ನೋಡುತ್ತವೆ.

ಇದರ ಗುಟ್ಟು ಪೂರಾ ತಿಳಿದವನು ಒಬ್ಬನೇ, ನಮ್ಮ ಹಮೀದ್. ದುಬೈಯಲ್ಲಿ ಹದಿನಾಲ್ಕು ವರ್ಷ ಇದೇ ಥರದ ಹೈಬ್ರಿಡ್ ಟ್ಯಾಕ್ಸಿ ಓಡಿಸಿ ಬಂದವನು. ಆದರೆ ಈಗ ಅವನು ನನ್ನ ಪಿಕಪ್ಪಿನ ಡ್ರೈವರ್. ಧಣಿಯಾದವನು ತನ್ನ ಡ್ರೈವರನ ಹತ್ತಿರ ಡ್ರೈವಿಂಗ್ ಕಲಿಯುವುದುಂಟೇ?

"ವಾಸಣ್ಣ, ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡ್ಬೇಡಿ. ಅದರಲ್ಲಿ ಬ್ಯಾಟರಿ ಚಾರ್ಜ್ ಆಗುದಿಲ್ಲ" ಎಂದು ಅವನು ಒಮ್ಮೆ ಹೇಳಿದ.

"ಹಮೀದಾ, ನೀನು ಓಡಿಸಿದ್ದು ಮರುಭೂಮಿಯಲ್ಲಿ. ಅಲ್ಲಿ ಇಳಿಜಾರು ಎಲ್ಲುಂಟು ಮಾರಾಯ? ನಾನು ಚಾರ್ಮಾಡಿ ಇಳಿದವ" ಎಂದೆ.

ಹಮೀದ್ ನಕ್ಕ. ಆ ನಗು ನನಗೆ ಹಿಡಿಸಲಿಲ್ಲ. ಅದಕ್ಕೇ ಹೋಟೆಲಿನಲ್ಲಿ ಹತ್ತು ಜನರ ಎದುರು ಘೋಷಿಸಿಬಿಟ್ಟೆ: "ಇವತ್ತು ಫುಲ್ ಟ್ಯಾಂಕ್ ಮಾಡಿದ್ದೇನೆ. ನನ್ನ ಅಳಿಯನ ಮದುವೆಗೆ ಅವನನ್ನು ಇದೇ ಟ್ಯಾಂಕಿನಲ್ಲಿ ಮೂಡುಬಿದಿರೆಯ ಮದುವೆ ಹಾಲಿಗೆ ಮುಟ್ಟಿಸುತ್ತೇನೆ. ಅಲ್ಲಿಯವರೆಗೆ ಬಂಕಿನ ಮೆಟ್ಟಿಲು ತುಳಿಯುವುದಿಲ್ಲ!"

ಬಂಕಿಗೆ ಮೆಟ್ಟಿಲು ಇರುವುದಿಲ್ಲ ಎಂದು ಯಾರೋ ಹೇಳಿದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ನಮ್ಮ ಕಡೆ ಮದುವೆಯಲ್ಲಿ ಸೋದರಮಾವನ ಸ್ಥಾನ ನಿಮಗೆ ಗೊತ್ತಿರಬಹುದು. ಅವನು ಕೈ ಹಿಡಿಯದೆ ಮದುಮಗ ಹೊಸ್ತಿಲು ದಾಟುವ ಹಾಗಿಲ್ಲ. ಅಳಿಯ ಪ್ರಶಾಂತ ನನ್ನ ಅಕ್ಕನ ಒಬ್ಬನೇ ಮಗ. ಅವನನ್ನು ಯಾರ ಕಾರಿನಲ್ಲಿ ಕರೆದುಕೊಂಡು ಹೋಗುವುದೆಂಬ ಚರ್ಚೆಯಲ್ಲಿ ಅಕ್ಕನ ಗಂಡ, ನಮ್ಮ ಭಾವ, ತಮ್ಮ ಹಳೇ ಡೀಸೆಲ್ ಗಾಡಿಯ ಹೆಸರೆತ್ತಿದರು. ನಾನು ಎದ್ದು ನಿಂತೆ.

"ಭಾವ, ನಿಮ್ಮ ಗಾಡಿಯ ಸದ್ದಿಗೆ ಮದುಮಗನ ತಲೆಯ ಪೇಟ ಜಾರ್ತದೆ. ನನ್ನದರಲ್ಲಿ ದೇವರನ್ನು ಕರ್ಕೊಂಡು ಹೋದ ಹಾಗೆ ಕರ್ಕೊಂಡು ಹೋಗ್ತೇನೆ."

"ಮುಹೂರ್ತ ಹನ್ನೊಂದು ಮುಕ್ಕಾಲಿಗೆ ಭಾವ. ತಪ್ಪಿದ್ರೆ ಎರಡು ಮನೆಯವರೂ ನಿಮ್ಮನ್ನೇ ಕೇಳುದು" ಎಂದರು ಅವರು.

"ಕೇಳ್ಲಿ!" ಎಂದೆ. ಇಂಥ ಮಾತುಗಳೆಲ್ಲ ನನ್ನ ಬಾಯಿಂದ ಬಹಳ ಸಲೀಸಾಗಿ ಬರುತ್ತವೆ.

ಮದುವೆಯ ದಿನ ಬೆಳಿಗ್ಗೆ ಕಾರು ತೊಳೆದು, ಹೂ ಕಟ್ಟಿಸಿ, ಹೆಂಡತಿ ಸುಮತಿಯನ್ನು ಕೂರಿಸಿಕೊಂಡು ಗುರುವಾಯನಕೆರೆ ಹತ್ತಿರದ ಅಕ್ಕನ ಮನೆಗೆ ಹೊರಟೆ. ಪೆಟ್ರೋಲಿನ ಮುಳ್ಳು ಕೆಳಗಿನ ಗೀಟಿಗಿಂತ ಸ್ವಲ್ಪ ಮೇಲೆ ಇತ್ತು. ಮಡಂತ್ಯಾರಿನಲ್ಲಿ ಸುಮತಿ ಕೇಳಿದಳು.

"ರೀ, ಬಂಕ್ ಬಂತು. ಸ್ವಲ್ಪ ಹಾಕಿಸುವ?"

"ಮಾತು ಅಂದ್ರೆ ಮಾತು."

"ಮಾತನ್ನು ಟ್ಯಾಂಕಿಗೆ ಹಾಕ್ಲಿಕ್ಕೆ ಆಗ್ತದಾ?"

"ನಿನಗೆ ಹೈಬ್ರಿಡ್ ಗೊತ್ತಿಲ್ಲ. ಪೆಟ್ರೋಲ್ ಮುಗಿದ್ರೆ ಬ್ಯಾಟರಿ ಉಂಟು. ಬ್ಯಾಟರಿ ಮುಗಿದ್ರೆ ಇಳಿಜಾರು ಉಂಟು."

"ಹತ್ತಲಿಕ್ಕೆ ಬಂದ್ರೆ?"

ಹೆಂಗಸರಿಗೆ ತಂತ್ರಜ್ಞಾನ ಅರ್ಥವಾಗುವುದಿಲ್ಲ ಎಂದುಕೊಂಡೆ. ಈ ವಾಕ್ಯವನ್ನು ಈಗ ಹಿಂತೆಗೆದುಕೊಂಡಿದ್ದೇನೆ.

ಅಕ್ಕನ ಮನೆಯ ಅಂಗಳದಲ್ಲಿ ಕಾರು ನಿಲ್ಲಿಸಿ ಇಳಿದೆ. ಬಾಗಿಲು ಹಾಕಿದ ಕೂಡಲೇ ಕಾರು 'ಬೀಪ್ ಬೀಪ್ ಬೀಪ್' ಎಂದಿತು. ಒಡೆಯ ಇಳಿದರೆ ನಮಸ್ಕಾರ ಹೇಳುವ ಗಾಡಿ! ನಾನೂ ಅದರ ಬೆನ್ನು ತಟ್ಟಿ ತಿಂಡಿಗೆ ಹೋದೆ.

ತಿಂಡಿ ಆಯಿತು. ಒಳಗೆ ಶಾಸ್ತ್ರಗಳು ನಡೆದವು. ಮದುಮಗನಿಗೆ ಪೇಟ ಕಟ್ಟುವುದಕ್ಕೇ ಒಂದು ಗಂಟೆ ಹಿಡಿಯಿತು; ಕಟ್ಟುವವನಿಗೆ ಅದು ಮೊದಲ ಪೇಟವಂತೆ. ಅಷ್ಟರಲ್ಲಿ ಅಕ್ಕ ಅಂಗಳದಿಂದ ಕೂಗಿದಳು.

"ವಾಸು, ಇಲ್ಲಿ ಬಾ! ನಿನ್ನ ಕಾರು ಒಳಗೆ ಯಾರೂ ಇಲ್ಲದೆ ಸ್ಟಾರ್ಟ್ ಆಗಿದೆ!"

ಹೊರಗೆ ಬಂದು ನೋಡಿದರೆ ಹೌದು. ಎಂಜಿನ್ ಗುರ್ ಎನ್ನುತ್ತಿದೆ. ಎರಡು ನಿಮಿಷದ ಮೇಲೆ ತಾನಾಗಿಯೇ ನಿಂತಿತು. ಸ್ವಲ್ಪ ಹೊತ್ತಿಗೆ ಪುನಃ ಗುರ್! ಮುದುಕಿಯೊಬ್ಬಳು ಕೈಮುಗಿದಳು. ಒಳಗಿನ ಪರದೆಯಲ್ಲಿ ಹಸಿರು ದೀಪ ಉರಿಯುತ್ತಿತ್ತು. ಎಲ್ಲಾ ಕ್ಷೇಮ ಎಂದುಕೊಂಡೆ. ಜನ ಸೇರಿದ್ದರಿಂದ ಎರಡು ಮಾತನಾಡುವುದು ನನ್ನ ಕರ್ತವ್ಯವಾಯಿತು.

"ಯಾರೂ ಹೆದರ್ಬೇಡಿ. ಇದು ಹೈಬ್ರಿಡ್. ನಾವು ತಿಂಡಿ ತಿಂದ ಹಾಗೆ ಅದು ಬ್ಯಾಟರಿಗೆ ಊಟ ಹಾಕ್ತಾ ಉಂಟು. ಹೇಳುವವರು ಬೇಡ, ಕೇಳುವವರು ಬೇಡ. ಇಂಥ ಒಬ್ಬ ಕೆಲಸದವ ನನಗೆ ಇಷ್ಟು ವರ್ಷದಲ್ಲಿ ಸಿಕ್ಕಿಲ್ಲ!"

ಎಲ್ಲರೂ ಬಾಯಿ ಬಿಟ್ಟು ನೋಡಿದರು. ಭಾವ ಕೂಡ, "ಅಬ್ಬಾ!" ಎಂದರು. ನನ್ನ ಜೀವನದಲ್ಲಿ ಭಾವ ನನಗೆ 'ಅಬ್ಬಾ' ಎಂದದ್ದು ಅದೊಂದೇ ಸಲ.

ದಿಬ್ಬಣದ ಬಸ್ಸು ಹೊರಟಿತು. ಭಾವನ ಡೀಸೆಲ್ ಗಾಡಿಯೂ ಅದರ ಹಿಂದೆ ಹೋಯಿತು. ಗತ್ತಿನಲ್ಲಿ ಕೊನೆಗೆ ಹೋಗುವುದೆಂದು ನಾನೇ ಹಟ ಹಿಡಿದಿದ್ದೆ. ಪ್ರಶಾಂತನನ್ನು ಕೈಹಿಡಿದು ತಂದು ಕೂರಿಸಿದೆ. ಒಳಗೆ ತಣ್ಣಗೆ ಎ.ಸಿ. ಬೀಸುತ್ತಿತ್ತು.

"ಮಾವ, ಎ.ಸಿ. ಮೊದಲೇ ಹಾಕಿಟ್ಟಿದ್ರಾ?"

"ನಿನಗೋಸ್ಕರ" ಎಂದೆ. ನನಗೂ ಆಶ್ಚರ್ಯವೇ. ಆದರೆ ಕಾರಿನ ಮಹಿಮೆಯಲ್ಲಿ ಅದೂ ಒಂದು ಎಂದುಕೊಂಡೆ.

ರಸ್ತೆಯುದ್ದಕ್ಕೂ ನಾನು ಎಂದಿನ ಹಾಗೆ ಪ್ರತಿ ಇಳಿಜಾರಿನಲ್ಲೂ ನ್ಯೂಟ್ರಲ್ ಮಾಡಿದೆ. ನ್ಯೂಟ್ರಲ್ ಮಾಡಿದ ಕೂಡಲೇ ಪರದೆಯ ಬಾಣಗಳು ಮಾಯವಾಗುತ್ತಿದ್ದವು. ಪಾಪ, ವಿಶ್ರಾಂತಿ ತೆಗೆದುಕೊಳ್ಳುತ್ತಿದೆ! ವೇಣೂರಿನಲ್ಲಿ ಹಳದಿ ದೀಪ ಹತ್ತಿ ಕಾರು ಏನೋ ಇಂಗ್ಲಿಷಿನಲ್ಲಿ ಬರೆದು ತೋರಿಸಿತು. ಸುಮತಿ ಹಿಂದಿನ ಸೀಟಿನಿಂದ ಕತ್ತು ಚಾಚಿ, "ಪೆಟ್ರೋಲ್ ಹಾಕಿ ಅಂತ ಉಂಟು" ಎಂದಳು.

"ಹಾಗೆಯೇ ಹೇಳ್ತದೆ. ಎಲ್ಲಾ ಗಾಡಿಗಳೂ ಹೇಳ್ತವೆ."

ವೇಣೂರು ದಾಟಿ ಸ್ವಲ್ಪ ದೂರದಲ್ಲಿ ಒಂದು ಏರು. ಅರ್ಧ ಹತ್ತುವಾಗ ಎಂಜಿನ್ ಸದ್ದು ನಿಂತಿತು. "ನೋಡು, ಬ್ಯಾಟರಿಯಲ್ಲಿ ಹತ್ತುತ್ತಾ ಉಂಟು!" ಎಂದೆ. ಹತ್ತಿತು ಕೂಡ, ಒಂದು ತಿರುವು. ಆಮೇಲೆ ಇನ್ನೊಂದು ಏರು. ಕಾರಿನ ವೇಗ ಕಡಿಮೆಯಾಯಿತು. ಇನ್ನೂ ಕಡಿಮೆಯಾಯಿತು. ನಮ್ಮನ್ನು ಒಂದು ಸೈಕಲ್ ದಾಟಿ ಹೋಯಿತು.

ಕೊನೆಗೆ ನಿಂತೇಬಿಟ್ಟಿತು. ಅದೂ ಎಷ್ಟು ಮರ್ಯಾದೆಯಿಂದ! ಕೆಮ್ಮಲಿಲ್ಲ, ಕುಲುಕಲಿಲ್ಲ, ಹೊಗೆ ಬಿಡಲಿಲ್ಲ. ಒಂದು ಹಕ್ಕಿ ಕೂಗುವುದು ಸ್ಪಷ್ಟವಾಗಿ ಕೇಳಿಸಿತು.

"ಮಾವ, ನಿಂತ್ಕೊಂಡಿದ್ದೇವಾ?" ಎಂದ ಪ್ರಶಾಂತ.

"ಸ್ವಲ್ಪ" ಎಂದೆ.

ಗಂಟೆ ಹನ್ನೊಂದು ಆಗಲು ಹತ್ತು ನಿಮಿಷ. ಗುಂಡಿ ಒತ್ತಿದೆ, ಕೆಂಪು ದೀಪಗಳು ಸಾಲಾಗಿ ಹತ್ತಿದವು. ಭಾವನಿಗೆ ಫೋನ್ ಮಾಡಿದರೆ ಅಲ್ಲಿ ವಾಲಗದ ಸದ್ದು ಮಾತ್ರ, "ಹಲೋ ಹಲೋ" ಎಂದು ಇಟ್ಟುಬಿಟ್ಟರು. ಪ್ರಶಾಂತನ ಮುಖ ನೋಡಿದೆ. ಪೇಟ ಒಂದು ಕಿವಿಯ ಮೇಲೆ ಇಳಿದಿತ್ತು, ಬೆವರು ಇನ್ನೊಂದು ಕಿವಿಯಿಂದ ಇಳಿಯುತ್ತಿತ್ತು. ಹುಟ್ಟಿದಾಗ ಇವನನ್ನು ಆಸ್ಪತ್ರೆಯಿಂದ ಮನೆಗೆ ತಂದದ್ದು ನಾನೇ, ನನ್ನ ಜೀಪಿನಲ್ಲಿ. ಆ ಹಳೇ ಜೀಪು ದಾರಿಯಲ್ಲಿ ಒಮ್ಮೆಯೂ ನಿಂತಿರಲಿಲ್ಲ. ಸುಮತಿ ಒಂದು ಮಾತೂ ಬೈಯಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಆಗ ದೂರದಿಂದ ಒಂದು ಸದ್ದು. ಡೀಸೆಲ್. ಸೈಲೆನ್ಸರ್ ತೂತು. ಹಿಂದೆ ಏನೋ ಕಬ್ಬಿಣ ಎಳೆಯುತ್ತಿದೆ. ಎರಡು ತಿರುವು ಆಚೆಯಿಂದಲೇ ನನ್ನ ಕಿವಿ ನೆಟ್ಟಗಾಯಿತು.

"ನಮ್ಮದೇ ಪಿಕಪ್!" ಎಂದು ಕೂಗಿದೆ.

ಒಳ್ಳೆಯ ದಿನ ಎಂದರೆ ಮದುವೆಗೂ ಒಳ್ಳೆಯದು, ಸ್ಲ್ಯಾಬ್ ಹಾಕುವುದಕ್ಕೂ ಒಳ್ಳೆಯದು. ಮೂಡುಬಿದಿರೆಯಲ್ಲಿ ಅದೇ ದಿನ ಒಬ್ಬರ ಮನೆಯ ಟಾರಸಿ ಕೆಲಸವಿತ್ತು. ಹಮೀದ್ ಪಿಕಪ್ಪಿನ ತುಂಬ ಶೀಟು ಹೇರಿ, ಮೇಲೆ ಇಬ್ಬರು ಕೆಲಸದವರನ್ನು ಕೂರಿಸಿ, ಹಿಂದೆ ಮಿಕ್ಸರ್ ಕಟ್ಟಿಕೊಂಡು ಬರುತ್ತಿದ್ದ. ಗಾಡಿ ನಿಲ್ಲಿಸಿ ಇಳಿದು, ಪರದೆ ನೋಡಿ, ನನ್ನನ್ನು ನೋಡಿದ.

"ಎಷ್ಟು ಇತ್ತು ವಾಸಣ್ಣ ಪೆಟ್ರೋಲ್, ಮನೆಯಿಂದ ಹೊರಡುವಾಗ?"

"ಇಲ್ಲಿಗೆ ಸಾಕಾಗುವಷ್ಟು ಇತ್ತು ಮಾರಾಯ. ಎಲ್ಲಿಗೆ ಹೋಯಿತೋ!"

"ಅಕ್ಕನ ಮನೆಯಲ್ಲಿ ಆಫ್ ಮಾಡಿದ್ರಾ?"

"ಆಫ್ ಮಾಡ್ಲಿಕ್ಕೆ ಎಂತ ಉಂಟು? ಸದ್ದೇ ಇರ್ಲಿಲ್ಲ."

"ಇಳಿದಾಗ ಬೀಪ್ ಬೀಪ್ ಅಂತಾ?"

"ಹೌದು, ನಮಸ್ಕಾರ..." ಎಂದು ಹೇಳಹೊರಟವನು ಅರ್ಧದಲ್ಲೇ ನಿಂತೆ.

"ಅದು ನಮಸ್ಕಾರ ಅಲ್ಲ ವಾಸಣ್ಣ. ಆಫ್ ಮಾಡದೆ ಇಳ್ದಿದ್ದೀರಿ ಅಂತ ಬೊಬ್ಬೆ ಹೊಡೆದದ್ದು. ಬೆಳಿಗ್ಗೆಯಿಂದ ಎ.ಸಿ. ಹಾಕ್ಕೊಂಡು, ಎಂಜಿನ್ ಬಿಟ್ಟು ಬಿಟ್ಟು ಓಡಿ, ಎಲ್ಲಾ ಕುಡ್ದು ಮುಗಿಸಿದೆ. ಬ್ಯಾಟರಿಗೆ ಇಳಿಜಾರಿನಲ್ಲಿ ಸಿಗುದನ್ನು ನೀವು ನ್ಯೂಟ್ರಲ್ ಮಾಡಿ ಕೊಡ್ಲಿಲ್ಲ."

ಊರಿನವರ ಎದುರು ನಾನು ಭಾಷಣ ಮಾಡುತ್ತಿದ್ದಾಗ ಅದು ಬ್ಯಾಟರಿಗೆ ಊಟ ಹಾಕುತ್ತಿದ್ದದ್ದೇನೋ ನಿಜ. ಅದು ನಮ್ಮ ದಾರಿಯ ಬುತ್ತಿ ಎಂದು ನನಗೆ ಗೊತ್ತಿರಲಿಲ್ಲ!

"ಪಿಕಪ್ಪಿನ ಆ ಕ್ಯಾನಿನಲ್ಲಿ ಎಂತ ಉಂಟು?" ಎಂದು ಆಸೆಯಿಂದ ಕೇಳಿದೆ.

"ಇಪ್ಪತ್ತು ಲೀಟರ್. ಡೀಸೆಲ್."

ಕ್ಯಾನಿನ ಕಡೆಗೆ ಒಮ್ಮೆ, ಕಾರಿನ ಕಡೆಗೆ ಒಮ್ಮೆ ನೋಡಿದೆ. ಸುಮತಿ ಆಗ ಮೊದಲ ಸಲ ಬಾಯಿ ಬಿಟ್ಟಳು: "ಪ್ರಶಾಂತ, ಪಿಕಪ್ ಹತ್ತು ಮಗಾ. ನೀವು ಹಿಂದೆ ಹತ್ತಿ."

'ನೀವು' ಎಂದದ್ದು ನನಗೆ.

ಹಾಗೆ ಪಿಕಪ್ಪಿನ ಮುಂದೆ ಹಮೀದ್, ಮದುಮಗ, ಸುಮತಿ. ಹಿಂದೆ ಸೆಂಟ್ರಿಂಗ್ ಶೀಟುಗಳ ರಾಶಿಯ ಮೇಲೆ, ರೇಷ್ಮೆ ಶಾಲು ಹೊದ್ದು, ಇಬ್ಬರು ಕೆಲಸದವರ ನಡುವೆ ಸೋದರಮಾವ. ಅದರ ಹಿಂದೆ ಗಡಗಡ ಕುಣಿಯುತ್ತಾ ಮಿಕ್ಸರ್. ಹಮೀದ್ ಎಂಥಾ ಡ್ರೈವರ್ ಎಂದು ನನಗೆ ಅವತ್ತು ಗೊತ್ತಾಯಿತು. ಲೋಡು ಇಟ್ಟುಕೊಂಡು, ಮಿಕ್ಸರ್ ಎಳೆದುಕೊಂಡು, ಒಂದು ಹೊಂಡಕ್ಕೂ ಮದುಮಗನ ಪೇಟ ಅಲುಗದ ಹಾಗೆ ಗಾಡಿ ಹೊಡೆದ. ಮದುವೆ ಹಾಲಿನ ಎದುರು ವಾಲಗದವರ ಸದ್ದೂ ನಮ್ಮ ಸೈಲೆನ್ಸರಿಗೆ ಸೋತಿತು. ಸ್ಲ್ಯಾಬ್ ಹಾಕುವವರು ದಾರಿ ತಪ್ಪಿ ಬಂದರೆಂದು ಹೆಣ್ಣಿನ ಕಡೆಯವರೊಬ್ಬರು ಆಚೆ ಹೋಗಲು ಕೈ ತೋರಿಸಿದರು. ನಾನು ಶೀಟಿನ ಮೇಲೆ ಎದ್ದು ನಿಂತು, "ಗಂಡಿನ ಕಡೆ!" ಎಂದು ಕೂಗಬೇಕಾಯಿತು.

ಗಂಟೆ ಹನ್ನೊಂದು ಇಪ್ಪತ್ತೈದು. ಮುಹೂರ್ತ ತಪ್ಪಲಿಲ್ಲ. ಸಿಮೆಂಟು ಧೂಳಿನ ಕೈಯನ್ನು ಪಂಚೆಗೆ ಒರೆಸಿ ಪ್ರಶಾಂತನ ಕೈ ಹಿಡಿದು ಒಳಗೆ ನಡೆಸಿದೆ. ಅವನ ಬಿಳಿ ಅಂಗಿಯ ತೋಳಿನ ಮೇಲೆ ನನ್ನ ಐದು ಬೆರಳೂ ಮೂಡಿದ್ದವು. ಫೋಟೋದಲ್ಲಿ ಈಗಲೂ ಉಂಟು.

ಭಾವ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಒಂದೇ ಟ್ಯಾಂಕಿನಲ್ಲಿ ಬಂದ್ರಾ ಭಾವ?"

"ಒಂದೇ ಟ್ಯಾಂಕಿನಲ್ಲಿ" ಎಂದೆ. ಯಾವ ಗಾಡಿಯದ್ದೆಂದು ಅವರು ಕೇಳಲಿಲ್ಲ. ಹೊರಗೆ ಮಿಕ್ಸರ್ ನಿಂತಿತ್ತಲ್ಲ!

ಹಮೀದ್ ಮಿಕ್ಸರನ್ನು ಕೆಲಸದ ಜಾಗಕ್ಕೆ ಮುಟ್ಟಿಸಿ, ಬೇರೆ ಕ್ಯಾನಿನಲ್ಲಿ ಪೆಟ್ರೋಲ್ ಒಯ್ದು, ಮಧ್ಯಾಹ್ನದ ಊಟ ಮುಗಿಯುವುದರೊಳಗೆ ಕಾರನ್ನು ಎಬ್ಬಿಸಿ, ಬಂಕಿಗೂ ತೋರಿಸಿ ಹಾಲಿಗೆ ತಂದ. ಅವನು ಇಳಿದಾಗ ಕಾರು ಬೀಪ್ ಎನ್ನಲಿಲ್ಲ. ಅಷ್ಟು ಒಳ್ಳೆಯ ಕಾರು ಅದು. ತಪ್ಪಿಲ್ಲದವನಿಗೆ ಬೊಬ್ಬೆ ಹೊಡೆಯುವುದಿಲ್ಲ. ನನ್ನ ಬೆರಗು ಇನ್ನೂ ಇಳಿದಿಲ್ಲ. ನನಗಿಂತ ಹೆಚ್ಚು ತಿಳಿದ ಕಾರನ್ನು ನಾನು ಓಡಿಸುತ್ತಿದ್ದೆ; ನನಗಿಂತ ಹೆಚ್ಚು ತಿಳಿದವನನ್ನು ಸಂಬಳಕ್ಕೆ ಇಟ್ಟುಕೊಂಡಿದ್ದೆ. ಈಗ ಭಾನುವಾರ ಭಾನುವಾರ ಹಮೀದ್ ನನ್ನನ್ನು ಕೂರಿಸಿ ಪಾಠ ಹೇಳುತ್ತಾನೆ. ಮೊನ್ನೆ ಎರಡು ಸಲ ಗದರಿದ.

ಮದುವೆಯ ದಿನ ಸಾಯಂಕಾಲ ಗಂಡು ಹೆಣ್ಣನ್ನು ಮನೆ ತುಂಬಿಸಲು ಕರೆದುಕೊಂಡು ಹೊರಡಬೇಕಿತ್ತು. ಅವಳು ಅಪ್ಪ ಅಮ್ಮನ ಕಾಲಿಗೆ ಬಿದ್ದು, ಅತ್ತು, ಕಣ್ಣೊರೆಸಿಕೊಂಡು ನನ್ನ ಕಾರಿನಲ್ಲಿ ಕೂತಳು. ಬೆಳಿಗ್ಗೆಯಿಂದ ನನ್ನ ಹತ್ತಿರ ಅವಳು ಒಂದು ಮಾತೂ ಆಡಿರಲಿಲ್ಲ. ನಾನು ಗುಂಡಿ ಒತ್ತಿ ಹೊರಡುವಾಗ ಹಿಂದಿನಿಂದ ಮೆಲ್ಲಗೆ, ಬಹಳ ಮರ್ಯಾದೆಯಿಂದ ಕೇಳಿದಳು:

"ಮಾವ... ಪೆಟ್ರೋಲ್ ಉಂಟಲ್ಲ?"