ಮಾಲೀಕರ ಕೊರಳಿಗೆ ಸೇಬಿನ ಹಾರ

ಸಂಜೆ ಏಳೂವರೆಗೆ ನನ್ನ ಮನೆಯ ಹಾಲ್‌ನಲ್ಲಿ ನನಗೇ ಪ್ರವೇಶವಿಲ್ಲ. ಮನೆ ನನ್ನದೇ, ಕಂದಾಯ ಕಟ್ಟುವವನೂ ನಾನೇ. ಆದರೆ ಆ ಹೊತ್ತಿಗೆ ಟೀವಿಯಲ್ಲಿ ‘ಮೂರನೇ ಬೆಲ್’ ಎಂಬ ಧಾರಾವಾಹಿ ಬರುತ್ತದೆ. ಊರೂರು ಸುತ್ತುವ ಒಂದು ಬಡ ನಾಟಕ ಕಂಪನಿಯ ಕಥೆ. ನನ್ನ ಧರ್ಮಪತ್ನಿ ಶಶಿರೇಖಾ ದೇವರ ಮನೆಯ ಗಂಟೆ ತಂದು, ಕಂಪನಿಯವರ ಹಾಗೆಯೇ ಮೂರು ಸಲ ಬಾರಿಸುತ್ತಾಳೆ. ಮೂರನೆಯದು ಬಾರಿಸಿದ ಮೇಲೆ ಯಾರೂ ಒಳಗೆ ಬರುವಂತಿಲ್ಲ, ಫೋನು ಬಡಿದುಕೊಳ್ಳುವಂತಿಲ್ಲ. (ಒಮ್ಮೆ ಸೀನಿದ್ದಕ್ಕೆ ನನ್ನನ್ನು ಬಾಲ್ಕನಿಗೆ ಗಡೀಪಾರು ಮಾಡಲಾಗಿತ್ತು.)

“ಅದೇನ್ ಅಳುಬುರುಕ ಸೀರಿಯಲ್ಲೇ! ಬಣ್ಣ ಬಳ್ಕೊಂಡು ಕಿರುಚೋದನ್ನ ನೋಡ್ತಾ ಕೂತ್ಕೋತೀಯಲ್ಲ, ಬೇರೆ ಕೆಲಸ ಇಲ್ವಾ?” ಎಂದು ನಾನು ದಿನಾ ಗೊಣಗುತ್ತಿದ್ದೆ. ಗೊಣಗಿ, ಚಪಾತಿ ಲಟ್ಟಿಸುವ ನೆಪದಲ್ಲಿ ಅಡುಗೆಮನೆಗೆ ಹೋಗಿ, ಬಾಗಿಲ ಸಂದಿಯಿಂದ ಪೂರ್ತಿ ನೋಡುತ್ತಿದ್ದೆ.

ನಿಮ್ಮ ಹತ್ತಿರ ಮುಚ್ಚುಮರೆ ಏನು? ಕಂಪನಿಯ ಮಾಲೀಕರು ಗುರುಪಾದಪ್ಪನವರೆಂದರೆ ನನಗೆ ಪ್ರಾಣ. ಗಂಟಲು ಕೆಟ್ಟು ಹಾಡಲಾಗದೆ ಆ ಹಿರಿಯ ಜೀವ ಪರದೆಯ ಹಿಂದೆ ಕೂತು ಅತ್ತ ದಿನ, ನನ್ನ ಚಪಾತಿಗಳೆಲ್ಲ ಕರ್ನಾಟಕದ ನಕ್ಷೆಯ ಆಕಾರಕ್ಕೆ ಬಂದಿದ್ದವು. ಆದರೆ ಇದನ್ನು ಶಶಿರೇಖಾಗೆ ಹೇಳುವುದುಂಟೆ? ವರ್ಷವಿಡೀ ಆಡಿಕೊಂಡ ಬಾಯಿ ಇದು. ಗೊತ್ತಾದರೆ ನನ್ನ ಮರ್ಯಾದೆ ಮೂರು ಕಾಸಿಗೆ ಹರಾಜಾಗುತ್ತದೆ.

ಹೀಗಿರುವಾಗ ಅವಳ ಮಹಿಳಾ ಸಂಘದ ವಾಟ್ಸಾಪ್ ಗ್ರೂಪಿನಲ್ಲಿ ಸುದ್ದಿ ಬಂತು. ‘ಮೂರನೇ ಬೆಲ್’ ಶೂಟಿಂಗು ನಮ್ಮ ಶೆಟ್ಟಿಹಳ್ಳಿಯ ಮೈದಾನದಲ್ಲೇ ಅಂತೆ! ಗುರುಪಾದಪ್ಪನವರು ಕೊನೆಯ ಸಲ ಹಾಡಿ ಸ್ಟೇಜಿನ ಮೇಲೆಯೇ ಪ್ರಾಣ ಬಿಡುವ ಸೀನು. ಪ್ರೇಕ್ಷಕರಾಗಿ ಕೂರಲು ಊರವರು ಬೇಕಂತೆ.

“ನಾನೊಬ್ಳೇ ಹೋಗ್ಬರ್ತೀನಿ. ನಿಮಗಂತೂ ಅದನ್ನ ಕಂಡ್ರೆ ಆಗಲ್ಲ,” ಎಂದಳು.

ನಾನು ಗಡಬಡಿಸಿ ಎದ್ದೆ. “ಛೆ ಛೆ, ಒಬ್ಳೇ ಹೆಂಗಸು… ನಾನೂ ಬರ್ತೀನಿ, ಕಾವಲಿಗೆ.”

“ಹಾಡುಹಗಲು, ನಮ್ಮೂರಲ್ಲೇ ಕಾವಲಾ?”

“ಕಾಲ ಕೆಟ್ಟಿದೆ ಕಣೇ.”

“ಸರಿ ಬನ್ನಿ. ಆದ್ರೆ ಅಲ್ಲಿ ಕಮಕ್ ಕಿಮಕ್ ಅನ್ನಂಗಿಲ್ಲ. ನನ್ ಮಾನ ಕಳೀಬೇಡಿ.”

ಇಲ್ಲಿ ನಮ್ಮ ಕಡೆಯ ಪದ್ಧತಿಯೊಂದನ್ನು ಹೇಳಬೇಕು. ನಮ್ಮೂರ ನಾಟಕಗಳಲ್ಲಿ ಪಾತ್ರಧಾರಿ ಚೆನ್ನಾಗಿ ಹಾಡಿದ ತಕ್ಷಣ ಬೇಕಾದವರು ಸ್ಟೇಜ್ ಹತ್ತಿ ಹಾರ ಹಾಕಬೇಕು. ಘೋರ ಯುದ್ಧ ನಡೆಯುತ್ತಿದ್ದರೂ ಅದು ನಿಲ್ಲುತ್ತದೆ. ಶತ್ರುವೇ ಕತ್ತಿಯನ್ನು ಕಂಕುಳಲ್ಲಿಟ್ಟುಕೊಂಡು ಫೋಟೋಗೆ ಜಾಗ ಬಿಡುತ್ತಾನೆ. ನಮ್ಮ ದೊಡ್ಡಪ್ಪ ಬ್ಯಾಟರಾಯಪ್ಪನವರು ರಾಜನ ಪಾತ್ರ ಮಾಡಿದಾಗ ಮೂಗಿನವರೆಗೂ ಹಾರ ಬಿದ್ದು, ಮುಂದಿನ ರಾಜಾಜ್ಞೆ ಯಾರಿಗೂ ಕೇಳಿಸಲೇ ಇಲ್ಲ. ಹಾರ ಬೀಳದಿದ್ದರೆ ಕಲಾವಿದನಿಗೆ ಅವಮಾನ. ಹಾಗಿರುವಾಗ ನಮ್ಮೂರಿಗೆ ಬಂದು ಪ್ರಾಣ ಬಿಡುವ ಗುರುಪಾದಪ್ಪನವರಿಗೆ ಬರಿಗೈ ತೋರಿಸುವುದೇ? ಯಶವಂತಪುರದಲ್ಲಿ ಒಂದು ಸೇಬಿನ ಹಾರ ಮಾಡಿಸಿ, ಚೀಲಕ್ಕೆ ತುಂಬಿ, ಮೈದಾನದಲ್ಲಿ ಶಶಿರೇಖಾಳ ಪಕ್ಕದ ನನ್ನ ಕುರ್ಚಿಯ ಕೆಳಗೆ ತೂರಿಸಿದೆ. (“ಅದೇನ್ರೀ ಚೀಲ?” “ತರಕಾರಿ ಕಣೇ.”) ಶೂಟಿಂಗ್ ಮುಗಿದ ಮೇಲೆ ಹೆಂಡತಿಯ ಕಣ್ಣು ತಪ್ಪಿಸಿ ಹಾಕಿ ಬರುವುದು ನನ್ನ ಪ್ಲಾನು.

ಮೂರನೇ ಬೆಲ್ ಹೊಡೆಯಿತು. ಗುರುಪಾದಪ್ಪನವರು ನಡುಗುವ ಕಾಲಲ್ಲಿ ಬಂದು ಹಾಡಿದರು. ಅಬ್ಬಬ್ಬಾ, ವರ್ಷವಿಡೀ ಮೂಕವಾಗಿದ್ದ ಗಂಟಲೇ ಅದು! ಹಾಡು ಮುಗಿಸಿದವರೇ ಧೊಪ್ಪನೆ ಕುಸಿದರು. ಮಗಳ ಪಾತ್ರದವಳು “ಅಪ್ಪಾಜೀ!” ಎಂದು ಚೀರಿದಳು. ನನಗೆ ಲೋಕವೇ ಮರೆತುಹೋಯಿತು. ಕ್ಯಾಮೆರಾ, ಹೆಂಡತಿ, ಮರ್ಯಾದೆ ಒಂದೂ ಕಾಣಲಿಲ್ಲ. ಕಣ್ಣೀರು ಸುರಿಸುತ್ತಾ, ಹಾರ ಎತ್ತಿಕೊಂಡು ಸ್ಟೇಜ್ ಹತ್ತಿಬಿಟ್ಟೆ.

ಮಲಗಿದ ಶವಕ್ಕೆ ಹಾರ ಹಾಕುವುದು ಹೇಗಪ್ಪಾ ಎಂದು ನಾನು ಯೋಚಿಸುವಷ್ಟರಲ್ಲಿ ಶವವೇ ಎದ್ದು ನಿಂತಿತು. ಆ ನಟರೂ ಊರ ನಾಟಕದಲ್ಲಿ ಪಳಗಿದವರಿರಬೇಕು. ಹಾರ ಕಂಡದ್ದೇ ತಡ, ಅಭ್ಯಾಸಬಲದಿಂದ ಕೈಮುಗಿದು ಕೊರಳೊಡ್ಡಿದರು. ನಾನು ಹಾಕಿದೆ. ಭಾರ ತಾಳಲಾರದೆ ಮತ್ತೆ ಕುಸಿದರು. ಈ ಸಲದ್ದು ನಟನೆಯಾಗಿರಲಿಲ್ಲ.

“ಕಟ್! ಕಟ್! ಯಾವನ್ರೀ ಅವ್ನು?” ಎಂದು ನಿರ್ದೇಶಕರು ಅರಚಿಕೊಂಡು ಓಡಿಬಂದರು. “ಹುಡುಗಾಟಾನಾ? ಒಂದಿನ ಆದ್ರೂ ನಮ್ ಸೀರಿಯಲ್ ನೋಡಿದ್ದೀರೇನ್ರೀ?”

ನನಗೆ ರೇಗಿಹೋಯಿತು. “ಏನ್ ಸಾರ್ ಹಿಂಗಂತೀರಿ? ಮೊದಲ್ನೇ ಎಪಿಸೋಡಿಂದ ಒಂದೂ ಬಿಟ್ಟಿಲ್ಲ! ಅಡುಗೆಮನೆ ಬಾಗಿಲ ಸಂದಿಯಿಂದ ನೋಡಿದ್ದೀನಿ. ಹೆಂಡ್ತಿಗೂ ಗೊತ್ತಿಲ್ಲ!”

ಎದುರಿಗಿದ್ದ ಮೈಕು ಆನ್ ಆಗಿತ್ತು. ಇಡೀ ಮೈದಾನ ಗೊಳ್ಳೆಂದಿತು.

“ಇವರ ಮನೆಯವರು ಯಾರಮ್ಮಾ? ಬಂದು ಕರ್ಕೊಂಡ್ ಹೋಗಿ,” ಎಂದರು ನಿರ್ದೇಶಕರು.

ನಾನು ಶಶಿರೇಖಾಳತ್ತ ನೋಡಿದೆ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಗಳಗಳನೆ ಅಳುತ್ತಿದ್ದಳು. ಅಕ್ಕಪಕ್ಕದವರು ಅವಳತ್ತ ತಿರುಗಿದಾಗ, ‘ಈ ಮನುಷ್ಯ ಯಾರೋ ನನಗೆ ಗೊತ್ತಿಲ್ಲ’ ಎಂಬಂತೆ ತಲೆಯಾಡಿಸಿಬಿಟ್ಟಳು. ನನ್ನನ್ನೂ ನನ್ನ ಹಾರವನ್ನೂ ಗೇಟಿನಾಚೆ ಬಿಡಲಾಯಿತು.

ಅವಳು ಮನೆಗೆ ಬಂದ ಮೇಲೆ ಬೈಗುಳ ಬೀಳುತ್ತದೆಂದು ಕಾದೆ. ಅವಳು ಕೇಳಿದ್ದು ಒಂದೇ. “ನನ್ ಪಕ್ಕ ಕೂತ್ಕೊಂಡು ನೋಡೋಕೆ ನಿಮಗೇನ್ರೀ ಬಂದಿತ್ತು?”

ಬೈದಿದ್ದರೇ ವಾಸಿಯಾಗಿತ್ತು. ಹಾರ ಬಿಚ್ಚಿ, ಸೇಬುಗಳನ್ನು ಒಂದೊಂದಾಗಿ ಫ್ರಿಜ್ಜಿಗೆ ತುಂಬಿದೆ.

ಆ ಸಂಚಿಕೆ ಪ್ರಸಾರವಾಗುವ ಸಂಜೆ ಮತ್ತಿಕೆರೆಯಿಂದ ನಾದಿನಿ ರಮಾ ಬಂದು ಅಕ್ಕನ ಪಕ್ಕ ಕೂತಳು. ಶಶಿರೇಖಾ ಮೂರನೇ ಗಂಟೆ ಬಾರಿಸಿದಳು. ಗುರುಪಾದಪ್ಪನವರು ಈ ಸಲ ಯಾವ ವಿಘ್ನವೂ ಇಲ್ಲದೆ ಪ್ರಾಣ ಬಿಟ್ಟರು. ಮರುಕ್ಷಣ ಟೀವಿಯ ತುಂಬಾ ನನ್ನ ಹೆಂಡತಿ! ಸೆರಗನ್ನು ಬಾಯಿಗೆ ಒತ್ತಿಕೊಂಡು ಗಳಗಳನೆ ಅಳುತ್ತಿದ್ದಾಳೆ. ನನ್ನಿಂದಾದ ಅವಮಾನಕ್ಕೆ ಸುರಿದ ಕಣ್ಣೀರನ್ನು ಆ ಜಾಣ ನಿರ್ದೇಶಕರು ಮಾಲೀಕರ ಸಾವಿಗೆ ಜೋಡಿಸಿಬಿಟ್ಟಿದ್ದರು.

“ಅಯ್ಯೋ ಅಕ್ಕಾ, ಎಂಥಾ ಅಳು ಅತ್ತಿದ್ದೀಯೇ! ನಂಗೇ ಕಣ್ಣಲ್ಲಿ ನೀರು ಬಂತು,” ಎಂದಳು ರಮಾ.

“ಕಲೆ ಅಂದ್ರೆ ಹಂಗೆ ಕಣೇ, ಒಳಗಿಂದ ಬರುತ್ತೆ,” ಎಂದಳು ಶಶಿರೇಖಾ, ಬಲು ವಿನಯದಿಂದ.

“ಪಕ್ಕದ ಕುರ್ಚಿ ಖಾಲಿ ಇದೆಯಲ್ಲಕ್ಕಾ, ಅದ್ಯಾರದು?”

ನಾನು ಆಸೆಯಿಂದ ಕತ್ತು ಮುಂದೆ ಚಾಚಿದೆ.

“ಯಾರೋಪ್ಪ, ಗೊತ್ತಿಲ್ಲ. ಪಾಪ, ನಾಟಕ ಅಂದ್ರೆ ಆಗ್ಬರಲ್ಲ ಅನ್ಸುತ್ತೆ, ನಡುವೇನೇ ಎದ್ದು ಹೋದ್ರು,” ಎಂದ ಶಶಿರೇಖಾ, ಅಡುಗೆಮನೆಯ ಬಾಗಿಲ ಸಂದಿಗೆ ಕೇಳುವಂತೆ ದನಿ ಏರಿಸಿದಳು. “ರೀ, ಹೇಗೂ ಅಲ್ಲೇ ನಿಂತಿದ್ದೀರಲ್ಲ, ರಮಾಗೆ ಇನ್ನೊಂಚೂರು ಸೇಬಿನ ಕೇಸರಿಬಾತ್ ತನ್ನಿ!”