ಸುಂಟರಗಾಳಿಗಾಗಿ ಮೀಸಲಾದ ಲಾಂಡ್ರಿ

ಸಿಡ್ನಿಯ ಗಿರಾವೀನ್ ಸಬರ್ಬಿನ ನಮ್ಮ ಬಾಡಿಗೆ ಫ್ಲ್ಯಾಟಿನಲ್ಲಿ ೨೦೦೭ರ ನವೆಂಬರ್ ತಿಂಗಳಿನಿಂದ ಸುಂಟರಗಾಳಿ ಸನ್ನದ್ಧತಾ ಸಮಿತಿಯು ಅಸ್ತಿತ್ವದಲ್ಲಿದೆ. ಅಧ್ಯಕ್ಷ ಲಕ್ಷ್ಮೀಶ, ಅಂದರೆ ನಾನು. ಸದಸ್ಯರು ನನ್ನ ಹೆಂಡತಿ ಅನಸೂಯಾ ಮತ್ತು ಹೈಸ್ಕೂಲಿನಲ್ಲಿರುವ ಮಗಳು ಇಂಚರಾ. ಸದಸ್ಯತ್ವ ಬೇಕೇ ಎಂದು ಅವರನ್ನು ಕೇಳುವ ಪದ್ಧತಿ ಇರಲಿಲ್ಲ.

ಯಾವುದೋ ಊರಿನ ಮನೆಯೊಂದರ ಚಾವಣಿ ಹಾರಿಹೋದುದನ್ನು ಟಿವಿಯಲ್ಲಿ ನೋಡಿದವನೇ ಲೈಬ್ರರಿಗೆ ಓಡಿದೆ. ಅಲ್ಲಿಂದ ತಂದ ಕರಪತ್ರದಲ್ಲಿ, ಗಾಳಿ ಬಂದರೆ ಕಿಟಕಿಯಿಲ್ಲದ ಒಳಕೋಣೆ ಸೇರಿಕೊಳ್ಳಿ ಎಂದಿತ್ತು. ನಮ್ಮಲ್ಲಿ ಅಂಥದ್ದು ಬಟ್ಟೆ ಒಗೆಯುವ ಲಾಂಡ್ರಿ ಒಂದೇ. ಅದನ್ನು ಸುರಕ್ಷಾ ಕೊಠಡಿಯೆಂದು ಘೋಷಿಸಿ ಬಾಗಿಲಿಗೆ ಸುತ್ತೋಲೆ ಅಂಟಿಸಿದೆ.

ಮೊದಲು ನೀರಿನ ಕ್ಯಾನು, ಟಾರ್ಚು, ಔಷಧಿ ಒಳಗೆ ಹೋದವು. ಆಮೇಲೆ ಅಕ್ಕಿಮೂಟೆ, ಎರಡು ಕುಕ್ಕರ್, ರೇಷ್ಮೆ ಸೀರೆಗಳ ಸೂಟ್‌ಕೇಸು, ಕಾಯಂ ವಾಸದ ಪಿಆರ್ ಕಾಗದಗಳ ಹನ್ನೆರಡು ಜೆರಾಕ್ಸ್ ಪ್ರತಿ. ಯಾರೋ ಟಾರ್ಚಿನ ಬ್ಯಾಟರಿ ತೆಗೆದು ರಿಮೋಟಿಗೆ ಹಾಕಿದ್ದು ತಪಾಸಣೆಯಲ್ಲಿ ಪತ್ತೆಯಾದ ಕಾರಣ ಬೀಗ ಜಡಿದೆ. ಸುತ್ತೋಲೆಯ ನಾಲ್ಕನೆಯ ನಿಯಮ: ಬೀಗದ ಕೈ ಅಧ್ಯಕ್ಷರ ಬಳಿಯೇ ಇರತಕ್ಕದ್ದು, ಕೊಠಡಿ ಬೇಕಾದವರು ಎರಡು ದಿನ ಮುಂಚಿತವಾಗಿ ಲಿಖಿತ ಅರ್ಜಿ ಸಲ್ಲಿಸತಕ್ಕದ್ದು. ಅನಸೂಯಾ ಬಟ್ಟೆಯ ಬುಟ್ಟಿ ಎತ್ತಿಕೊಂಡು, ಎದುರು ಫ್ಲ್ಯಾಟಿನ ಮಂಗಳೂರು ದಂಪತಿ ನೋರ್ಬರ್ಟ್ ಮತ್ತು ಅಸುಂತಾ ಅವರಲ್ಲಿಗೆ ಹೋಗತೊಡಗಿದಳು.

ಡಿಸೆಂಬರಿನ ಒಂದು ಶನಿವಾರ ನಾನು ಮ್ಯಾಕ್ವೆರಿ ಪಾರ್ಕಿನ ಆಫೀಸಿನಲ್ಲಿದ್ದೆ. ಮಧ್ಯಾಹ್ನ ಆಕಾಶ ಹಸಿರುಗಟ್ಟಿ ಬಿರುಗಾಳಿ ಎದ್ದಿತು. ಅನಸೂಯಾಳ ಫೋನು ಬಂತು. ಹಿನ್ನೆಲೆಯಲ್ಲಿ ಗಾಜು ಒಡೆಯುವ ಸದ್ದು.

"ರೀ, ಲಾಂಡ್ರಿ ಬೀಗದ ಕೈ ಎಲ್ಲಿ?"

ಅದು ನನ್ನ ಪ್ಯಾಂಟಿನ ಜೇಬಿನಲ್ಲಿತ್ತು. ಆದರೆ ನನ್ನ ಬಾಯಿಂದ ಬಂದದ್ದು, "ಅರ್ಜಿ ಕೊಟ್ಟಿದ್ದೀಯಾ?" ಎಂಬ ಮಾತು.

ಲೈನು ಕಟ್ಟಾಯಿತು.

ಮುರಿದುಬಿದ್ದ ಮರಗಳನ್ನು ಸುತ್ತುಹಾಕಿಕೊಂಡು ಮನೆ ಸೇರಲು ಒಂದೂವರೆ ಗಂಟೆ ಹಿಡಿಯಿತು. ಅಷ್ಟು ಹೊತ್ತೂ ನನಗೆ ಒಂದು ನಿಯಮವೂ ನೆನಪಾಗಲಿಲ್ಲ. ನಡುಮನೆಯ ಕಿಟಕಿ ಒಡೆದು ಸೋಫಾ ತುಂಬ ಆಲಿಕಲ್ಲು. ಮನೆಯಲ್ಲಿ ಯಾರೂ ಇಲ್ಲ. ಎದುರು ಮನೆಗೆ ಓಡಿದೆ. ನೋರ್ಬರ್ಟರ ಲಾಂಡ್ರಿಯಲ್ಲಿ ನಾಲ್ವರೂ ವಾಷಿಂಗ್ ಮೆಷಿನ್ನಿಗೆ ಒರಗಿ ಚಹಾ ಕುಡಿಯುತ್ತಿದ್ದರು. ನಾನು ಬಾಗಿಲಲ್ಲೇ ನಿಂತು ಎರಡು ಸಲ ತಲೆ ಎಣಿಸಿದೆ.

ಅವರೊಂದಿಗೆ ವಾಪಸು ಬಂದು ನಮ್ಮ ಲಾಂಡ್ರಿಯ ಬೀಗ ತೆಗೆದೆ. ಇಂಚರಾ ಕಾಲಿಡಲೂ ಜಾಗವಿಲ್ಲದ ಕೊಠಡಿಯೊಳಗೆ ಇಣುಕಿ, "ದೇರ್ ವಾಸ್ ನೋ ರೂಮ್ ಫಾರ್ ಅಸ್ ಎನಿವೇ, ಡ್ಯಾಡ್" ಎಂದಳು.

ಮರುದಿನ ತುರ್ತುಸಭೆ ಸೇರಿತು. ಬಂದದ್ದು ಆಲಿಕಲ್ಲಿನ ಬಿರುಗಾಳಿಯಾಗಿದ್ದು, ಸುಂಟರಗಾಳಿ ಅಲ್ಲದ್ದರಿಂದ, ಸಮಿತಿಯು ವಿಫಲವಾಗಿಲ್ಲ ಎಂದು ನಾನು ದಾಖಲಿಸಿದೆ. ಆದರೂ ನಾಚಿಕೆಯಾಗಿ ರಾಜೀನಾಮೆ ಕೊಟ್ಟೆ. ಅದನ್ನು ಅಂಗೀಕರಿಸುವ ಅಧಿಕಾರ ಅಧ್ಯಕ್ಷರಿಗೆ ಮಾತ್ರ ಇತ್ತು; ಅಧ್ಯಕ್ಷರು ತಿರಸ್ಕರಿಸಿದರು. ಇನ್ನು ಮುಂದೆ ಸಾಮಾನು ನಮ್ಮ ಲಾಂಡ್ರಿಯಲ್ಲಿ, ಜನ ನೋರ್ಬರ್ಟರ ಲಾಂಡ್ರಿಯಲ್ಲಿ ಎಂದು ತೀರ್ಮಾನವಾಯಿತು. ವಿಶೇಷ ಆಹ್ವಾನಿತರಾದ ನೋರ್ಬರ್ಟ್ ಒಪ್ಪಿದರು. ಅವರದು ಒಂದೇ ಸಂಶಯ.

"ಅಲ್ಲ ಮಾರಾಯ್ರೆ, ಅಧ್ಯಕ್ಷರು ಎಲ್ಲಿ ಕೂರುದು?"

"ನಮ್ಮ ಲಾಂಡ್ರಿ ಬಾಗಿಲ ಹೊರಗೆ," ಎಂದಳು ಅನಸೂಯಾ. "ಸಾಮಾನಿಗೆ ಕಾವಲು ಬೇಕಲ್ಲ."

ಸರ್ವಾನುಮತದಿಂದ ಅಂಗೀಕಾರವಾಯಿತು. ನಾನೂ ಕೈ ಎತ್ತಿದೆ.