ಮುಂಬಯಿಯ ನೀರು

ಒಂದೇ ಕತೆಯನ್ನು ಹದಿನೈದು ಸಲ ಹೇಳಿದ ಮೇಲೆ ಅದು ನಡೆದದ್ದೇ ಆಗಿಬಿಡುತ್ತದೆ. ನಾನು ಮುಂಬಯಿಯಿಂದ ವಾಪಸು ಬಂದ ಕತೆಯನ್ನು ಹನ್ನೊಂದು ವರ್ಷದಿಂದ ಹೇಳುತ್ತಿದ್ದೇನೆ. ಮದುವೆಮನೆಯಲ್ಲಿ, ಹೊಗೆಸೊಪ್ಪಿನ ಹರಾಜುಕಟ್ಟೆಯಲ್ಲಿ, ಕೆ.ಆರ್. ನಗರದ ನನ್ನ ಶಾಮಿಯಾನ ಅಂಗಡಿಯಲ್ಲಿ. ಈಗ ಅದು ಎಷ್ಟು ನುಣ್ಣಗಾಗಿದೆಯೆಂದರೆ ನನಗೇ ಅನುಮಾನ ಬರುತ್ತದೆ. ನಿಜವಾಗಿ ನಡೆದದ್ದು ಯಾವುದೂ ಇಷ್ಟು ನುಣ್ಣಗಿರುವುದಿಲ್ಲ. ಕತೆ ಇಷ್ಟೇ: ನಟನಾಗಬೇಕೆಂದು ಮನೆಯನ್ನೆಲ್ಲ ಕಾರಿಗೆ ತುಂಬಿಕೊಂಡು ಮುಂಬಯಿಗೆ ಹೋದೆ. ಪಾತ್ರ ಕೈಗೆ ಬಂದಂತೆಯೇ ಇತ್ತು. ಆದರೆ ನನ್ನ ಹೆಂಡತಿ ರತ್ನಳಿಗೆ ಅಲ್ಲಿಯ ನೀರು ಒಗ್ಗಲಿಲ್ಲ. ಹೆಂಡತಿಗಿಂತ ಕಲೆ ದೊಡ್ಡದೇನು ಎಂದು ವಾಪಸು ಬಂದೆ. ಕತೆ ಇಲ್ಲಿಗೆ ಬಂದಾಗ ಕೇಳುವವರು "ಛೆ" ಎನ್ನುತ್ತಾರೆ. ನಾನು ಸ್ವಲ್ಪ ಹೊತ್ತು ನೆಲ ನೋಡುತ್ತೇನೆ.

ನಮ್ಮ ಕಡೆಯ ಪೌರಾಣಿಕ ನಾಟಕ ನೋಡಿದವರಿಗೆ ಗೊತ್ತು. ರಂಗದ ಪಕ್ಕದಲ್ಲಿ ಹಾರ್ಮೋನಿಯಂ ಪೆಟ್ಟಿಗೆ ಹಿಡಿದು ಮೇಷ್ಟ್ರು ಕೂತಿರುತ್ತಾರೆ. ಅವರು ಒಂದು ಸ್ವರ ಕೊಡುವವರೆಗೆ ರಾಜ ಬಾಯಿ ಬಿಡುವಂತಿಲ್ಲ. ಮೊದಲ ಮಾತು ಮುಗಿಯುತ್ತಿದ್ದಂತೆ ನೆಂಟರಿಷ್ಟರು ಹಾರ ಹಿಡಿದು ರಂಗ ಹತ್ತುತ್ತಾರೆ. ಯುದ್ಧವೇ ನಡೆಯುತ್ತಿರಲಿ, ರಾಜ ಗದೆ ಕೆಳಗಿಟ್ಟು, ಕೊರಳು ಬಗ್ಗಿಸಿ, ಹಾರ ಹಾಕಿಸಿಕೊಂಡು, ಕೈಮುಗಿದು, ಆಮೇಲೆ ಶತ್ರುವನ್ನು ವಿಚಾರಿಸಿಕೊಳ್ಳಬೇಕು. ಗಾವಡಗೆರೆಯಲ್ಲಿ ಒಂದು ಸಲ ನನಗೆ ಹದಿನಾಲ್ಕು ಹಾರ ಬಿದ್ದವು. ಒಂಬತ್ತು ಎನ್ನುತ್ತಾಳೆ ರತ್ನ. ಎಷ್ಟೇ ಇರಲಿ, ಮೂಗಿನವರೆಗೆ ಹೂವು ಬಂದು, ಎದುರಾಳಿ ಕಾಣದೆ, ಅರಮನೆಯ ಪರದೆಗೇ ಗದೆ ಬೀಸಿದೆ. ಮುಂಬಯಿಗೆ ಹೋಗುವ ತೀರ್ಮಾನ ಆದದ್ದು ಆ ಹೂವಿನೊಳಗೇ. ಅಲ್ಲಿ ಹಿಂದಿಯ ಪೌರಾಣಿಕ ಧಾರಾವಾಹಿಯೊಂದಕ್ಕೆ ಕಟ್ಟುಮಸ್ತಾದವರನ್ನು ಹುಡುಕುತ್ತಿದ್ದಾರೆಂದು, ಅಲ್ಲೇ ಕ್ಯಾಂಟೀನು ಇಟ್ಟಿದ್ದ ಪಿರಿಯಾಪಟ್ಟಣದ ಗೆಳೆಯನೊಬ್ಬ ಫೋನು ಮಾಡಿದ್ದ.

ಹಳೆಯ ಕಾರಿನ ನೆತ್ತಿಯ ಮೇಲೆ ಹಾಸಿಗೆ, ಡಿಕ್ಕಿಯಲ್ಲಿ ಸ್ಟೌವು ಮತ್ತು ರಾಗಿಹಿಟ್ಟು, ಹಿಂದಿನ ಸೀಟಿನಲ್ಲಿ ಪಾತ್ರೆಪಡಗ. ಗದೆಗೆ ಜಾಗವಿರಲಿಲ್ಲ. ನಾನು ಕತೆ ಹೇಳುವಾಗ ಅದು ಹಾಸಿಗೆಯ ಸುರುಳಿಯೊಳಗೆ ಇರುತ್ತದೆ. ನಿಜದಲ್ಲಿ ಎರಡು ದಿನವೂ ರತ್ನಳ ತೊಡೆಯ ಮೇಲಿತ್ತು. ಬೆಳಗಾವಿಯ ಆಚೆ ಕಾರು ನಿಲ್ಲಿಸಿದ ಪೊಲೀಸಿನವನು ಗದೆಯನ್ನು ನೋಡಿದ, ಅದನ್ನು ಹಿಡಿದು ಕೂತ ಅವಳನ್ನು ನೋಡಿದ, ಕೊನೆಗೆ ನನ್ನನ್ನು ಕನಿಕರದಿಂದ ನೋಡಿ ಹೋಗು ಎಂದ. ಆ ಗದೆ ಈಗ ನನ್ನ ಅಂಗಡಿಯಲ್ಲಿದೆ. ಬೇರೆಯವರ ನಾಟಕಗಳಿಗೆ ಬಾಡಿಗೆಗೆ ಹೋಗಿ ನನಗಿಂತ ಹೆಚ್ಚು ರಂಗ ಹತ್ತಿದೆ.

ಆಡಿಷನ್ ಎಂದರೆ ಒಂದು ಪುಟ್ಟ ಕೋಣೆ, ಒಂದು ಕ್ಯಾಮೆರಾ, ಅದರ ಹಿಂದೆ ಒಬ್ಬಳು ಹುಡುಗಿ. ಶುರು ಮಾಡಿ ಎಂದಳು. ನಾನು ಪೆಟ್ಟಿಗೆಯ ಸ್ವರಕ್ಕೆ ಕಾದೆ. ಅವಳು ನನಗೆ ಕಾದಳು. ಕೊನೆಗೆ ಫ್ಯಾನಿನ ಸದ್ದನ್ನೇ ಶ್ರುತಿ ಎಂದುಕೊಂಡು, ಕನ್ನಡ ಅಕ್ಷರದಲ್ಲಿ ಬರೆದು ಬಾಯಿಪಾಠ ಮಾಡಿದ್ದ ಹಿಂದಿಯ ಮೊದಲ ಸಾಲನ್ನು ಹೇಳಿದೆ. ಹೇಳಿ, ನಿಲ್ಲಿಸಿ, ಕೊರಳು ಬಗ್ಗಿಸಿ, ಕೈಮುಗಿದು ನಿಂತೆ. ಅಭ್ಯಾಸ. ಯಾರೂ ಹಾರ ಹಿಡಿದು ಬರಲಿಲ್ಲ. ನನ್ನದು ಮುಗಿಯಿತೆಂದು ಅವಳು ಕ್ಯಾಮೆರಾ ಆರಿಸಿದಳು. ಅವಳು ನಕ್ಕಳೆಂದು ಬರೆಯಲು ನನಗೆ ಬಹಳ ಆಸೆ. ಅವಮಾನವಾಗಿ ಬಂದುಬಿಟ್ಟೆ ಎನ್ನಬಹುದಿತ್ತು. ಅವಳು ನಗಲಿಲ್ಲ. ಗಾಬರಿಯಾಗಿದ್ದೀರಿ, ಸೋಮವಾರ ಮತ್ತೆ ಬಂದು ಇಡೀ ಮಾತು ಹೇಳಿ ಎಂದಳು.

ಭಾನುವಾರ ರತ್ನಳ ಹೊಟ್ಟೆ ಕೆಟ್ಟಿದ್ದು ನಿಜ. ಸಂಜೆಗೆ ಮಜ್ಜಿಗೆ ಕುಡಿದು ಸರಿಹೋದದ್ದೂ ನಿಜ. ನನ್ನ ಕತೆಯಲ್ಲಿ ಮಜ್ಜಿಗೆ ಬರುವುದಿಲ್ಲ. ಸೋಮವಾರ ಬೆಳಿಗ್ಗೆ ಅವಳು ನನ್ನ ಅಂಗಿಗೆ ಇಸ್ತ್ರಿ ಹಾಕಿಟ್ಟಿದ್ದಳು. ಆ ಅಂಗಿಯನ್ನೇ ತೊಟ್ಟು ನಾನು ಕಾರಿನ ಮೇಲೆ ಹಾಸಿಗೆ ಕಟ್ಟತೊಡಗಿದೆ. ನಿನಗೆ ಇಲ್ಲಿಯ ನೀರು ಆಗುವುದಿಲ್ಲ ಎಂದೆ.

"ನಂಗೇನಾಗೈತೆ? ಚೆನ್ನಾಗೇ ಇವ್ನಿ. ನೀವು ಓಗ್ಬನ್ನಿ," ಎಂದಳು.

ನಾನು ಹಗ್ಗದ ಗಂಟಿನಿಂದ ಕಣ್ಣು ತೆಗೆಯಲಿಲ್ಲ. ಅವಳು ಕಾರಿನಲ್ಲಿ ಕೂತು ಗದೆಯನ್ನು ತೊಡೆಯ ಮೇಲೆ ಎಳೆದುಕೊಂಡಳು.

ಮುಂಬಯಿಯಿಂದ ನೇರವಾಗಿ ಗಾವಡಗೆರೆಯಲ್ಲಿರುವ ಅವಳ ತವರಿಗೆ ಹೋಗುವಾಗ ಬಿಳಿಕೆರೆಯಲ್ಲಿ ಟೀಗೆ ನಿಲ್ಲಿಸಿದೆವು. ಪರಿಚಯದವರೊಬ್ಬರು ಕಾರಿನ ಮೇಲಿನ ಹಾಸಿಗೆ ನೋಡಿ, ಇಷ್ಟು ಬೇಗ ಬಂದಿರಾ ಎಂದು ಕೇಳಿದರು. "ನಂಗೆ ನೀರು ಒಗ್ಗಲಿಲ್ಲ ಕಣಣ್ಣ," ಎಂದಳು ರತ್ನ, ಕಾರಿನೊಳಗಿಂದ. ಹಾಗಾಗಿ ಊರವರ ಮುಂದೆ ಆ ಮಾತನ್ನು ಮೊದಲು ಆಡಿದವಳು ಅವಳೇ. ಅಥವಾ ಹಾಗೆ ನೆನಪಿಟ್ಟುಕೊಂಡರೆ ನನಗೆ ಹಗುರ. ಮೊದಲು ನಾನು ಹೇಳಿ, ಅವಳು ಹೂಂ ಎಂದಿದ್ದರೂ ಇರಬಹುದು.

ಹೋದ ಭಾನುವಾರ ರತ್ನಳ ತಮ್ಮ ಸ್ವಾಮಿ ತನ್ನ ಮಗಳು ಪಲ್ಲವಿಯನ್ನು ಕರೆದುಕೊಂಡು ಬಂದ. ಅವಳಿಗೆ ಮುಂಬಯಿಗೆ ಹೋಗಿ ನಟಿಯಾಗಬೇಕಂತೆ. ಗೆಳತಿಯ ಕಾರಿದೆ, ಇಬ್ಬರೇ ಓಡಿಸಿಕೊಂಡು ಹೋಗುತ್ತಾರಂತೆ. ಸ್ವಾಮಿಗೆ ಬೇಕಾಗಿದ್ದದ್ದು ನನ್ನ ಕತೆ. "ಭಾವ, ನಿಮ್ದು ಒಂದ್ಸಲ ಏಳಿ ಇವ್ಳಿಗೆ. ಬುದ್ಧಿ ಬರ್ಲಿ," ಎಂದ. ಹೇಳಿದೆ. ಶುರುವಿನಿಂದ, ನುಣ್ಣಗೆ, ನೆಲ ನೋಡುವಲ್ಲಿ ನೆಲ ನೋಡಿ. ಪಲ್ಲವಿ ಎಲ್ಲ ಕೇಳಿಸಿಕೊಂಡು, "ಅದ್ಸರಿ ಮಾವ, ಆಡಿಷನ್ನಲ್ಲಿ ಏನಾಯ್ತು?" ಎಂದಳು.

ಹನ್ನೊಂದು ವರ್ಷದಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ನಾನು ಬಾಯಿ ತೆರೆದು, ಪೆಟ್ಟಿಗೆಯ ಸ್ವರಕ್ಕೆ ಕಾದೆ.

ಕಾಫಿ ತಂದ ರತ್ನ, "ಅದೇ ಒತ್ಗೆ ನಂಗೆ ಉಷಾರು ತಪ್ತು ಕಣವ್ವ. ನೀರು ಒಗ್ಗಲಿಲ್ಲ," ಎಂದು ಹೊಟ್ಟೆಯ ಮೇಲೆ ಒಂದು ಕೈಯನ್ನೂ ಇಟ್ಟುಕೊಂಡಳು. ಅವಳಿಗೆ ಶ್ರುತಿ ಬೇಡ, ಹಾರ ಬೇಡ. ನಮ್ಮಿಬ್ಬರಲ್ಲಿ ಆ ಕ್ಯಾಮೆರಾದ ಮುಂದೆ ನಿಲ್ಲಬೇಕಾಗಿದ್ದವರು ಯಾರೆಂದು ನನಗೆ ಆಗ ತಿಳಿಯಿತು.

"ಅಂಗಾದ್ರೆ ನಂಗೇನು ಭಯ ಬುಡಪ್ಪ," ಎಂದಳು ಪಲ್ಲವಿ ಸ್ವಾಮಿಯ ಕಡೆ ತಿರುಗಿ. "ನನ್ ಜೊತೆ ಎಂಡ್ತಿ ಬರಕಿಲ್ವಲ್ಲ."

ಮದುವೆಯ ದಿನ ಸೋರಿದ ಶಾಮಿಯಾನವನ್ನು ನೋಡುವಂತೆ ಸ್ವಾಮಿ ನನ್ನನ್ನು ನೋಡಿದ.

ಅವರು ಹೊರಟಾಗ ಗೇಟಿನವರೆಗೆ ಹೋದೆ. ಅಲ್ಲಿ ಪೆಟ್ಟಿಗೆ ಇರುವುದಿಲ್ಲ, ಹಾರಕ್ಕೆ ಕಾಯಬೇಡ, ಮೊದಲ ಸಲ ಕೆಟ್ಟರೆ ಸೋಮವಾರ ಮತ್ತೆ ಹೋಗು. ನಟನೆಯ ಬಗ್ಗೆ ನನಗೆ ಗೊತ್ತಿರುವುದು ಇಷ್ಟೇ, ಅಷ್ಟನ್ನಾದರೂ ಅವಳಿಗೆ ಹೇಳಬೇಕು ಎಂದುಕೊಂಡೆ. ಹೆಸರು ಹಿಡಿದು ಕೂಗಿದೆ. ಅವಳು ನಿಂತಳು. ಹಿಂದೆ ಬಾಗಿಲಲ್ಲಿ ರತ್ನ ನಿಂತಿದ್ದಳು, ಅವಳೂ ಕಾಯುತ್ತಿದ್ದಳೆಂದು ಕಾಣುತ್ತದೆ.

"ಏನ್ ಮಾವ?"

"ಅಲ್ಲಿ ನೀರು ಮಾತ್ರ ಕಾಯಿಸಿ ಕುಡಿಯವ್ವ," ಎಂದೆ.